ಒಂದು ಹಳೆಯ ಕಾರಿನ ಪಾಠಶೋಧನೆ

ಶಾಸನ, ಹಸ್ತಪ್ರತಿ, ಚಂಪೂಕಾವ್ಯಗಳ ವಿಚಾರವನ್ನು ನಿರೀಕ್ಷಿಸುವ ಓದುಗರ ಮುಂದೆ ಈ ಸಲ ಒಂದು ಹಳೆಯ ಕಾರಿನ ವೃತ್ತಾಂತವನ್ನು ಇಡುತ್ತಿದ್ದೇನೆ, ಕ್ಷಮೆಯಿರಲಿ. ಕಳೆದ ಬೇಸಗೆಯ ಎರಡೂವರೆ ತಿಂಗಳು ನಾನು ಯಾವ ಕಾವ್ಯವನ್ನೂ ಕೈಗೆತ್ತಿಕೊಳ್ಳಲಿಲ್ಲ. ಓದಿದ್ದೆಲ್ಲ ನೋಂದಣಿ ಪತ್ರ, ವಿಮಾಪತ್ರ ಮತ್ತು ಟೈರಿನ ಪಕ್ಕೆಯ ಮೇಲಿನ ಅಂಕಿಗಳು. ಆ ಓದಿನಲ್ಲಿ ಮೊದಲು ಮೋಸಹೋದೆ. ಇಪ್ಪತ್ತಕ್ಕೂ ಹೆಚ್ಚು ವರ್ಷ ತರಗತಿಯಲ್ಲಿ ಗ್ರಂಥಸಂಪಾದನೆಯನ್ನು ಬೋಧಿಸಿದವನು, ಪ್ರಕ್ಷಿಪ್ತವನ್ನು ಗುರುತಿಸುವುದು ಹೇಗೆಂದು ಎಂ.ಎ. ವಿದ್ಯಾರ್ಥಿಗಳಿಗೆ ಟಿಪ್ಪಣಿ ಬರೆಸಿದವನು, ತನ್ನ ಕಣ್ಣೆದುರಿನ ಪ್ರಕ್ಷಿಪ್ತವನ್ನು ಕಾಣದೆ ಹೋದನೆಂಬುದೇ ಈ ಬರೆಹಕ್ಕೆ ಕಾರಣ.

ನಾನು ಪಾಠ ಮಾಡುವುದು ಶಿವಮೊಗ್ಗದಲ್ಲಿ, ಮನೆ ಭದ್ರಾವತಿಯಲ್ಲಿ. ನಡುವಿನ ಸುಮಾರು 20 ಕಿಲೊಮೀಟರಿಗೆ ಬಸ್ಸು ಧಾರಾಳ. ಆದ್ದರಿಂದ ಬಹುಕಾಲ ಕಾರಿನ ಅಗತ್ಯವೇ ಬೀಳಲಿಲ್ಲ. ತೊಡಕು ಇದ್ದದ್ದು ಕ್ಷೇತ್ರಕಾರ್ಯದಲ್ಲಿ. ಹೊಂಬುಜಕ್ಕೆ ಆಯನೂರು, ರಿಪ್ಪನ್‌ಪೇಟೆಯ ಮಾರ್ಗವಾಗಿ ಹೋಗಬೇಕು. ಬಂದಳಿಕೆಗಾದರೆ ಶಿಕಾರಿಪುರ, ಶಿರಾಳಕೊಪ್ಪಗಳನ್ನು ದಾಟಬೇಕು. ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 8ನೆಯ ಸಂಪುಟಗಳಲ್ಲಿ ಈ ಜಿಲ್ಲೆಯ ಶಾಸನಗಳಿವೆ. ಅಚ್ಚಿನಲ್ಲಿ ಓದಿದ್ದನ್ನು ಕಲ್ಲಿನಲ್ಲಿಯೂ ಓದಬೇಕೆಂದು ವಿದ್ಯಾರ್ಥಿಗಳನ್ನು ಕರೆದೊಯ್ಯುವುದು ನನ್ನ ರೂಢಿ. ಪಡಿಯಚ್ಚು ತೆಗೆಯುವ ಕಾಗದದ ಸುರುಳಿ, ಮಸಿ, ಕುಂಚ, ನೀರಿನ ಕ್ಯಾನು ಇವೆಲ್ಲವನ್ನೂ ಹೊತ್ತು ಬಸ್ಸು ಹತ್ತಿದರೆ ಕಂಡಕ್ಟರರ ಮುಖ ನೋಡುವುದೇ ಬೇಡ. ಎರಡು ವರ್ಷಗಳ ಹಿಂದೆ ಬಂದಳಿಕೆಯಲ್ಲಿ, ನಾಗರಖಂಡವನ್ನು ಆಳಿದ ಜಕ್ಕಿಯಬ್ಬೆಯ ಶಾಸನದ ಮುಂದೆ ಹೊತ್ತು ಹೋದದ್ದೇ ತಿಳಿಯದೆ, ಶಿರಾಳಕೊಪ್ಪದಲ್ಲಿ ಕೊನೆಯ ಬಸ್ಸು ತಪ್ಪಿತು. ಮೂವರು ಹೆಣ್ಣುಮಕ್ಕಳು ಜೊತೆಗಿದ್ದರು. ಅಂದು ಅವರ ಮನೆಗಳಿಂದ ಬಂದ ಕರೆಗಳನ್ನು ನಾನು ಮರೆಯಲಾರೆ.

ಎರಡನೆಯ ಕಾರಣ ನನ್ನ ತಾಯಿ. ಎಂಬತ್ತೊಂದರ ಆಕೆಗೆ ಮೊಣಕಾಲಿನ ನೋವು. ತಿಂಗಳಿಗೊಮ್ಮೆ ಶಿವಮೊಗ್ಗದ ವೈದ್ಯರಲ್ಲಿಗೆ ಹೋಗಬೇಕು. ಬಸ್ಸಿನ ಮೊದಲ ಮೆಟ್ಟಿಲೇ ಅವರಿಗೆ ಬೆಟ್ಟವಾಗಿತ್ತು.

ನನ್ನಲ್ಲಿದ್ದದ್ದು ₹3,00,000. ವೃತ್ತಿಜೀವನದ ಬಹುಭಾಗವನ್ನು ಅತಿಥಿ ಉಪನ್ಯಾಸಕನಾಗಿ ಕಳೆದವನಿಗೆ ಅದು ಸಣ್ಣ ಮೊತ್ತವಲ್ಲ. ಮಗಳ ಓದಿನ ಸಾಲದ ಕಂತು ಇನ್ನೂ ನಡೆಯುತ್ತಿದ್ದುದರಿಂದ ಮತ್ತೊಂದು ಸಾಲ ಬೇಡವೆಂದು ನಿಶ್ಚಯಿಸಿದ್ದೆ. ಮೂರು ಲಕ್ಷವಿದೆಯೆಂದು ಮೂರು ಲಕ್ಷದ ಕಾರನ್ನೇ ಹುಡುಕುವುದು ಎಲ್ಲರೂ ಮಾಡುವ ತಪ್ಪು. ಹಳೆಯ ಕಾರು ಕೈಗೆ ಬಂದ ಮೊದಲ ತಿಂಗಳಲ್ಲೇ ಟೈರು, ಬ್ಯಾಟರಿ, ವಿಮೆ, ಹೆಸರು ಬದಲಾವಣೆ ಎಂದು ₹40,000 ಕರಗುತ್ತದೆ. ಅದನ್ನು ತೆಗೆದಿಟ್ಟು ಉಳಿದದ್ದನ್ನೇ ಬಂಡವಾಳವೆಂದು ತಿಳಿಯಬೇಕು. ತಿಂಗಳಿಗೆ ಆರೇಳು ನೂರು ಕಿಲೊಮೀಟರಿಗಿಂತ ಹೆಚ್ಚು ಓಡದ ನನ್ನಂಥವನಿಗೆ ಡೀಸೆಲ್ ಕಾರಿನ ಉಳಿತಾಯ ಭ್ರಮೆ. ಕೆಟ್ಟಾಗ ಬರುವ ವೆಚ್ಚ ಮಾತ್ರ ಸತ್ಯ. ಇಷ್ಟು ಲೆಕ್ಕವನ್ನು ಸರಿಯಾಗಿಯೇ ಹಾಕಿದ್ದೆ. ಎಡವಿದ್ದು ಆಮೇಲೆ.

ಶಿವಮೊಗ್ಗದ ಒಂದು ಕಡೆ, ಹಳೆಯ ಕಾರುಗಳನ್ನು ಸಾಲಾಗಿ ನಿಲ್ಲಿಸಿಕೊಂಡ ಜಾಗದಲ್ಲಿ, ಬೆಳ್ಳಿಬಣ್ಣದ ಒಂದು ಕಾರು ಕಣ್ಣಿಗೆ ಬಿತ್ತು. 2013ರದು, ಮೀಟರಿನಲ್ಲಿ 46,000 ಕಿಲೊಮೀಟರು, ಮೈಮೇಲೆ ಒಂದು ಗೀರೂ ಇಲ್ಲ. “ಸಿಂಗಲ್ ಓನರ್ ಸಾರ್, ಡಾಕ್ಟ್ರು ಓಡಿಸಿದ ಗಾಡಿ. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ” ಎಂದರು ಮಾರುವವರು. ಹಳೆಯ ಕಾರಿನ ಲೋಕದಲ್ಲಿ ಡಾಕ್ಟರರು ಓಡಿಸಿದ ಗಾಡಿಗಳ ಸಂಖ್ಯೆ ನಾಡಿನಲ್ಲಿರುವ ಡಾಕ್ಟರರ ಸಂಖ್ಯೆಯನ್ನು ಮೀರಿದ್ದೆಂಬುದು ನನಗೆ ಆಗ ಗೊತ್ತಿರಲಿಲ್ಲ. ಎಂಜಿನ್ನು ಮೊದಲ ತಿರುವಿಗೇ ಹೊತ್ತಿಕೊಂಡಿತು. ಬ್ರೇಕಿನ ಪೆಡಲಿನ ರಬ್ಬರು ಸವೆದು ನುಣುಪಾಗಿದ್ದುದನ್ನು, ಸ್ಟಿಯರಿಂಗಿನ ಮೇಲ್ಭಾಗ ಬೆವರಿನಿಂದ ಹೊಳೆಯುತ್ತಿದ್ದುದನ್ನು ನಾನು ನೋಡಿದೆ. ನೋಡಿಯೂ ಓದಲಿಲ್ಲ. ಕಥೆ ಚೆನ್ನಾಗಿತ್ತು, ಬಣ್ಣ ಚೆನ್ನಾಗಿತ್ತು. ₹15,000 ಮುಂಗಡ ಕೊಟ್ಟುಬಂದೆ.

ಮರುದಿನ ಭದ್ರಾವತಿಯ ನಮ್ಮ ಕಡೆಯ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋದೆ. ಇವರು ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಅಣ್ಣ. ಅವರು ಕಾರನ್ನು ಚಾಲೂ ಮಾಡುವ ಮೊದಲೇ ಬಾನೆಟ್ಟಿನ ಮೇಲೆ ಅಂಗೈಯಿಟ್ಟರು. ಬೆಚ್ಚಗಿತ್ತು. ನಾವು ಬರುವ ಮುಂಚೆಯೇ ಎಂಜಿನ್ನನ್ನು ಓಡಿಸಿ ಇಟ್ಟಿದ್ದರು. ತಣ್ಣಗಿದ್ದಾಗಿನ ಕೆಮ್ಮು ನಮಗೆ ಕೇಳಬಾರದಲ್ಲ. ಬಳಿಕ ಬಾನೆಟ್ ಎತ್ತಿ, ಒಳಗಿನ ತಗಡಿನ ಮೂಲೆಯನ್ನು ಬಟ್ಟೆಯಿಂದ ಒರೆಸಿ, “ಇದನ್ನು ಓದಿ ಸರ್” ಎಂದರು. ಎಂಜಿನ್ ಆಯಿಲ್ ಬದಲಿಸಿದಾಗ ಗ್ಯಾರೇಜಿನವರು ಅಂಟಿಸುವ ಚೀಟಿ ಅದು. ಮಾಸಿದ ಬಾಲ್‌ಪೆನ್ನಿನ ಅಕ್ಷರ: 2019ನೆಯ ಇಸವಿ, 83,000 ಚಿಲ್ಲರೆ ಕಿಲೊಮೀಟರು. ಮೀಟರನ್ನು ತಿದ್ದಿದವರು ಆ ಚೀಟಿಯನ್ನು ಕೀಳಲು ಮರೆತಿದ್ದರು. ಸಾರಿಗೆ ಇಲಾಖೆಯ ಆ್ಯಪಿನಲ್ಲಿ ನೋಂದಣಿ ಸಂಖ್ಯೆ ಹಾಕಿ ನೋಡಿದರೆ ಈಗಿನವರು ಮೂರನೆಯ ಮಾಲೀಕರು. ಮೇಲಾಗಿ ಹಣಕಾಸು ಸಂಸ್ಥೆಯೊಂದರ ಸಾಲದ ನಮೂದು ಇನ್ನೂ ತೆಗೆದುಹಾಕದೆ ಉಳಿದಿತ್ತು. ಸಾಲ ತೀರಿದೆಯೆಂಬ ಪತ್ರ ಮತ್ತು ಫಾರಂ 35 ಇಲ್ಲದೆ ಅಂಥ ಕಾರಿನ ಹೆಸರು ಬದಲಾಗುವುದಿಲ್ಲ. ಬಹಳ ಜಗ್ಗಾಡಿದ ಮೇಲೆ ಮುಂಗಡದಲ್ಲಿ ₹8,000 ಮರಳಿತು. ಉಳಿದ ₹7,000 ನನ್ನ ಶಿಕ್ಷಣದ ಶುಲ್ಕ.

ಆ ರಾತ್ರಿ ನನ್ನನ್ನು ಕಾಡಿದ್ದು ಹಣವಲ್ಲ. ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಪಾಠ ಮಾಡುವಾಗ ಪ್ರತಿ ವರ್ಷ ಒಂದು ಮಾತನ್ನು ಒತ್ತಿ ಹೇಳುತ್ತೇನೆ: ಎರಡು ಪಾಠಾಂತರಗಳಲ್ಲಿ ಸುಲಭವಾದುದನ್ನು ಬೇಗ ನಂಬಬೇಡಿ, ಲಿಪಿಕಾರ ಕಠಿಣವಾದುದನ್ನು ಸುಲಭಗೊಳಿಸಿರುತ್ತಾನೆಯೇ ಹೊರತು ಸುಲಭವಾದುದನ್ನು ಕಠಿಣಗೊಳಿಸುವುದು ಅಪರೂಪ. ಹನ್ನೊಂದು ವರ್ಷ ಮಲೆನಾಡಿನ ಮಳೆ, ಮಣ್ಣುರಸ್ತೆ ಕಂಡ ಕಾರಿಗೆ ಒಂದು ಗೀರೂ ಇಲ್ಲವೆಂದರೆ ಅದು ತಿದ್ದಿದ ಪಾಠ. ಗೀರಿರುವ ಕಾರು ಕಠಿಣ ಪಾಠ. ಮೊದಲು ನಂಬಬೇಕಾದದ್ದು ಅದನ್ನು.

ಆಮೇಲೆ ಹೊಳೆದದ್ದು ತಾಮ್ರಶಾಸನಗಳ ವಿಚಾರ. ಗಂಗರ ತಾಮ್ರಪಟಗಳಲ್ಲಿ ಬಹಳಷ್ಟು ಕೂಟಶಾಸನಗಳೆಂದು ಜೆ.ಎಫ್. ಫ್ಲೀಟ್ ವಾದಿಸಿದ್ದು, ರೈಸ್ ಅದನ್ನು ಒಪ್ಪದೆ ಇದ್ದದ್ದು ಶಾಸನಾಭ್ಯಾಸಿಗಳಿಗೆ ತಿಳಿದ ಸಂಗತಿ. ಹೇಳಿಕೊಂಡ ಕಾಲಕ್ಕೂ ಕೊರೆದ ಲಿಪಿಗೂ ಹೊಂದಿಕೆಯಿಲ್ಲದಿರುವುದು ಫ್ಲೀಟರ ಮುಖ್ಯ ಆಕ್ಷೇಪಗಳಲ್ಲೊಂದು. ಮೀಟರು ಹೇಳುವ 46,000ಕ್ಕೂ ಸವೆದ ಪೆಡಲಿಗೂ ಇದ್ದ ವೈರುಧ್ಯ ಬೇರೆಯೇನು? ಕೂಟಶಾಸನಗಳು ಕಲ್ಲಿನಲ್ಲಿಗಿಂತ ತಾಮ್ರದಲ್ಲಿ ಹೆಚ್ಚು ಏಕೆ? ನನಗೆ ತೋರುವ ಕಾರಣವಿಷ್ಟು. ಕಲ್ಲು ಊರ ನಡುವೆ ಎಲ್ಲರ ಕಣ್ಣೆದುರು ನಿಂತಿರುತ್ತದೆ. ಅದನ್ನು ತಿದ್ದಿದರೆ ಊರಿಗೆಲ್ಲ ಗೊತ್ತಾಗುತ್ತದೆ. ತಾಮ್ರಪಟ ಮನೆಯೊಳಗಿನ ಪೆಟ್ಟಿಗೆಯಲ್ಲಿರುತ್ತದೆ. ಯಾರ ಕೈಯಿಂದ ಯಾರ ಕೈಗೆ, ಯಾವ ಊರಿನಿಂದ ಯಾವ ಊರಿಗೆ ಹೋಯಿತೆಂಬುದಕ್ಕೆ ಸಾಕ್ಷಿಯಿರುವುದಿಲ್ಲ. ಸಾಲಾಗಿ ನಿಲ್ಲಿಸಿದ ಆ ಕಾರುಗಳೆಲ್ಲ ನನಗೆ ಪೆಟ್ಟಿಗೆಯಿಂದ ಹೊರತೆಗೆದ ತಾಮ್ರಪಟಗಳಂತೆ ಕಂಡವು. ನನಗೆ ಬೇಕಾದದ್ದು ಕಲ್ಲುಶಾಸನದಂಥ ಕಾರು: ಒಂದೇ ಬೀದಿಯಲ್ಲಿ, ಒಂದೇ ಮನೆಯ ಮುಂದೆ, ನೆರೆಹೊರೆಯವರ ಕಣ್ಣೆದುರು ವರ್ಷಗಟ್ಟಲೆ ನಿಂತದ್ದು.

ಅಂಥ ಬೀದಿಗಳು ನಮ್ಮ ಭದ್ರಾವತಿಯಲ್ಲಿವೆ. ಹಿಂದೆ ಬೆಂಕಿಪುರವೆನಿಸಿದ್ದ ಈ ಊರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಯೋಜನೆಯಂತೆ ಕಬ್ಬಿಣದ ಕಾರ್ಖಾನೆ ಬಂತು. 1923ರಲ್ಲಿ ಅಲ್ಲಿ ಕಬ್ಬಿಣ ಹರಿಯಿತು. 1930ರ ದಶಕದಲ್ಲಿ ಕಾಗದ ಕಾರ್ಖಾನೆಯೂ ಆಯಿತು. ನನ್ನ ತಂದೆ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು. ನಾನು ಬೆಳೆದದ್ದು ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ. ಆ ಸಾಲುಮನೆಗಳಲ್ಲಿ ಯಾರ ಮನೆಗೆ ಯಾವಾಗ ಫ್ರಿಜ್ಜು ಬಂತು, ಯಾವಾಗ ಸ್ಕೂಟರು ಹೋಗಿ ಕಾರು ಬಂತು ಎಂಬುದು ಎಲ್ಲರಿಗೂ ಬಾಯಿಪಾಠ. ಕಾಗದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ, ನೂರು ವರ್ಷ ತುಂಬಿದ ತಿಂಗಳಲ್ಲೇ ಪ್ರಕಟವಾಗಿ, ಜನರ ಹೋರಾಟದ ನಂತರ ಅದೇ ವರ್ಷ ಮತ್ತೆ ಕೆಲಸ ಆರಂಭವಾಯಿತು. ನಿವೃತ್ತರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ತಂದೆತಾಯಿಯರೂ ಒಬ್ಬೊಬ್ಬರಾಗಿ ಅಲ್ಲಿಗೆ ತೆರಳುತ್ತಾರೆ. ಹೋಗುವ ಮುನ್ನ ಕಾರು ಮಾರಾಟಕ್ಕೆ ಬರುತ್ತದೆ.

ಇಂಥ ಒಂದು ಕಾರಿನ ಸುದ್ದಿಯನ್ನು ತಂದವರು ನನ್ನ ತಾಯಿ. ದೇವಸ್ಥಾನದಲ್ಲಿ ಯಾರೋ ಹೇಳಿದರಂತೆ: ಕಾಗದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಹಿರಿಯರೊಬ್ಬರಿಗೆ ಕಣ್ಣು ಮಂದವಾಗಿ ಕಾರು ಮಾರುತ್ತಿದ್ದಾರೆ, ವ್ಯಾಗನ್ ಆರ್, ಕೇಳಿನೋಡು ಮಗಾ.

ಭಾನುವಾರ ಬೆಳಗ್ಗೆ ಏಳಕ್ಕೇ ಮೆಕ್ಯಾನಿಕ್‌ರನ್ನು ಕರೆದುಕೊಂಡು ಹೋದೆ. ಬಾನೆಟ್ಟು ತಣ್ಣಗಿತ್ತು. 2014ರ ಕಾರು, ಕೆಎ-14, ಒಬ್ಬರೇ ಮಾಲೀಕರು, ಮೀಟರಿನಲ್ಲಿ 61,000. ಎಡಗಡೆಯ ಹಿಂಬಾಗಿಲಿನ ಬಣ್ಣ ಉಳಿದದ್ದಕ್ಕಿಂತ ತುಸು ಗಾಢ. ನಾನು ಕೇಳುವ ಮೊದಲೇ ಹಿರಿಯರು, “ಮೇಷ್ಟ್ರೇ, ಇದು 2017ರಲ್ಲಿ ತರೀಕೆರೆ ರಸ್ತೆಯಲ್ಲಿ ಟ್ರ್ಯಾಕ್ಟರಿಗೆ ತಗುಲಿದ್ದು. ಬಾಗಿಲಿಗೆ ಟಿಂಕರಿಂಗ್ ಮಾಡಿಸಿದೆ. ಚಾಸಿಗೆ ಏನೂ ಆಗಿಲ್ಲ, ನೋಡಿಕೊಳ್ಳಿ” ಎಂದರು.

ನೋಡಿಕೊಂಡೆವು. ಚಾಸಿಯ ಮೇಲೆ ಒತ್ತಿದ ಸಂಖ್ಯೆಯನ್ನು ನಾನೇ ಟಾರ್ಚು ಹಿಡಿದು ಓದಿ ನೋಂದಣಿ ಪತ್ರದೊಡನೆ ತಾಳೆನೋಡಿದೆ. ಅದರಲ್ಲಿ 17 ಅಕ್ಷರ-ಅಂಕಿಗಳಿರುತ್ತವೆ. ಮೊದಲ ಮೂರು ತಯಾರಕರ ಗುರುತು, ಮಾರುತಿಗೆ ಎಂಎ3. ಐ, ಓ, ಕ್ಯೂ ಎಂಬ ಮೂರು ಇಂಗ್ಲಿಷ್ ಅಕ್ಷರಗಳನ್ನು ಈ ಸಂಖ್ಯೆಯಲ್ಲಿ ಎಲ್ಲಿಯೂ ಬಳಸುವುದಿಲ್ಲ, ಒಂದು ಮತ್ತು ಸೊನ್ನೆಗಳೊಡನೆ ಗೊಂದಲವಾಗುತ್ತದೆಂದು. ನಮ್ಮ ಓಲೆಗರಿಯ ಲಿಪಿಕಾರರಿಗೆ ಯಾರಾದರೂ ಪ-ವ, ದ-ಧಗಳ ವಿಷಯದಲ್ಲಿ ಇಂಥದೊಂದು ನಿಯಮ ಹಾಕಿಕೊಟ್ಟಿದ್ದರೆ ಸಂಪಾದಕರ ಅರ್ಧ ಆಯುಷ್ಯ ಉಳಿಯುತ್ತಿತ್ತು. ಸಂಖ್ಯೆಯ ಸುತ್ತ ಉಜ್ಜಿದ ಗುರುತಾಗಲಿ, ಹೊಸ ಬಣ್ಣವಾಗಲಿ ಇರಲಿಲ್ಲ. ಟೈರಿನ ಪಕ್ಕೆಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದರೆ 2019ರ 23ನೆಯ ವಾರ ತಯಾರಾದದ್ದು. ನಾಲ್ಕು ಟೈರುಗಳೂ ಆ ವರ್ಷದವು, ಬದಲಿಸಲೇಬೇಕಾದವು. ಡಿಕ್ಕಿಯೊಳಗಿನ ಸ್ಟೆಪ್ನಿ ಮಾತ್ರ 2014ರದೇ. ಇದು ಮೀಟರಿನ ಮಾತಿಗೆ ಹೊಂದುತ್ತಿತ್ತು.

ಮೆಕ್ಯಾನಿಕ್ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಒಳಮೈ ನೋಡಿದರು. ಅಲ್ಲಿ ಮಜ್ಜಿಗೆಯಂಥ ಬಿಳಿ ಲೇಪವಿದ್ದರೆ ಎಂಜಿನ್ನಿನೊಳಗೆ ನೀರು ಸೇರುತ್ತಿದೆ ಎಂದರ್ಥವಂತೆ. ಚಾಲೂ ಮಾಡಿಸಿ ಸೈಲೆನ್ಸರಿನ ಹಿಂದೆ ನಿಂತರು. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆಯೆಂದು ಲೆಕ್ಕ. ಬರಲಿಲ್ಲ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿದ್ದು ನನಗೆ ಹೊಸದು. 2019ರ ಆಗಸ್ಟಿನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದು ಓದುಗರಿಗೆ ನೆನಪಿರಬಹುದು. ಹಾಗೆ ಮುಳುಗಿದ ಕಾರನ್ನು ಎಷ್ಟು ತೊಳೆದರೂ ಬೆಲ್ಟಿನ ಒಳತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಕಾರ್ಪೆಟ್ಟಿನ ಅಡಿ, ಸೀಟಿನ ಹಳಿಗಳಲ್ಲಿ ತುಕ್ಕನ್ನೂ ಹುಡುಕಬೇಕು. ಘಟ್ಟದ ಕೆಳಗಿನ ಕಾರುಗಳಲ್ಲಿ ಉಪ್ಪುಗಾಳಿಯ ತುಕ್ಕು ತಳದಲ್ಲಿರುತ್ತದೆಂದು, ಕೆಎ-19, ಕೆಎ-20 ಎಂದು ಕಂಡರೆ ತಾವು ಮೊದಲು ಅಡಿಗೆ ಮಲಗಿ ನೋಡುವುದೆಂದು ಹೇಳಿದರು. ಬಳಿಕ ಓಡಿಸಿನೋಡಿದೆವು. ಕ್ಲಚ್ಚು ತುಸು ಮೇಲೆ ಹಿಡಿಯುತ್ತಿತ್ತು. ಇನ್ನೊಂದು ವರ್ಷ ಬಂದೀತು ಎಂದರು.

ಕಾಗದಗಳಲ್ಲಿ ನನಗೆ ಹೆಚ್ಚು ರುಚಿಸಿದ್ದು ವಿಮಾಪತ್ರ. ಐದು ವರ್ಷ ಸತತವಾಗಿ ಪರಿಹಾರ ಕೇಳದಿದ್ದವರಿಗೆ ಸ್ವಂತ ಹಾನಿಯ ವಿಮಾಕಂತಿನಲ್ಲಿ 50 ಪ್ರತಿಶತ ರಿಯಾಯಿತಿ ದೊರೆಯುತ್ತದೆ. ಅವರ ಪತ್ರದಲ್ಲಿ ಅದಿತ್ತು. ಅಂದರೆ ಇತ್ತೀಚಿನ ಐದು ವರ್ಷಗಳಲ್ಲಿ ದೊಡ್ಡ ಅಪಘಾತವಾಗಿಲ್ಲವೆಂಬುದಕ್ಕೆ ಅದೊಂದು ಅಂತರಂಗ ಪ್ರಮಾಣ. ರಿಯಾಯಿತಿ ಸೊನ್ನೆಯಿದ್ದರೆ ಏಕೆಂದು ಕೇಳಬೇಕು. (ಆ ರಿಯಾಯಿತಿ ಮಾಲೀಕರಿಗೆ ಸೇರಿದ್ದು, ಕಾರಿನೊಡನೆ ಬರುವುದಿಲ್ಲ, ನನ್ನ ಹೆಸರಿಗೆ ಮಾಡಿಸುವಾಗ ವ್ಯತ್ಯಾಸ ಕಟ್ಟಬೇಕಾಯಿತು.) ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಅವಧಿ, ಆಮೇಲೆ ಯೋಗ್ಯತಾ ಪರೀಕ್ಷೆ ಮಾಡಿಸಿ ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಇದಕ್ಕೆ 2029ರವರೆಗೆ ಚಿಂತೆಯಿಲ್ಲ. ಎಂಬತ್ತು ಸಾವಿರ ಕಡಿಮೆಗೆ ಸಿಗುತ್ತಿದ್ದ 2010ರ ಕಾರೊಂದನ್ನು ನಾನು ಬಿಟ್ಟದ್ದು ಈ ಕಾರಣಕ್ಕೆ.

ಇಷ್ಟಾದ ಮೇಲೆ ಹಿರಿಯರು ಒಳಗಿನಿಂದ ಒಂದು ಪುಸ್ತಕ ತಂದರು. ಅವರ ಕಾರ್ಖಾನೆಯದೇ ಕಾಗದ, ಕೈಯಿಂದ ಹೊಲಿದದ್ದು. ಕಾರು ಮನೆಗೆ ಬಂದ ದಿನದಿಂದ ಹಾಕಿಸಿದ ಪ್ರತಿ ಲೀಟರು ಪೆಟ್ರೋಲು, ಬದಲಿಸಿದ ಪ್ರತಿ ಫಿಲ್ಟರು, ಆ ದಿನದ ಮೀಟರು, ಕೊಟ್ಟ ಹಣ, ಎಲ್ಲವೂ ಅದರಲ್ಲಿ. 2017ರ ಟ್ರ್ಯಾಕ್ಟರೂ ಇತ್ತು, ಟಿಂಕರಿಂಗಿಗೆ ಕೊಟ್ಟ ಮೊತ್ತದೊಡನೆ. ಒಂದೇ ಕೈಬರೆಹ; ಕೊನೆಯ ಪುಟಗಳಿಗೆ ಬರುತ್ತ ಅಕ್ಷರಗಳು ದೊಡ್ಡವಾಗಿ, ಸಾಲು ಓರೆಯಾಗಿ, ಒಂದರ ಮೇಲೊಂದು ಬಿದ್ದಿದ್ದವು. ಅವರ ಕಣ್ಣು ಎಂದಿನಿಂದ ಮಂದವಾಯಿತೆಂಬುದನ್ನೂ ಆ ಪುಸ್ತಕದಿಂದ ತಿಳಿಯಬಹುದಿತ್ತು. ಕಾಲನಿರ್ಣಯಕ್ಕೆ ಇದಕ್ಕಿಂತ ಒಳ್ಳೆಯ ಸಾಮಗ್ರಿಯನ್ನು ನಾನು ಕಂಡದ್ದು ಕಡಿಮೆ.

ಅವರು ಕೇಳಿದ್ದು ₹2,75,000. ದಲ್ಲಾಳಿಯೊಬ್ಬರು ₹2,10,000ಕ್ಕೆ ಕೇಳಿಹೋಗಿದ್ದರಂತೆ. ಮೆಕ್ಯಾನಿಕ್ ನನ್ನನ್ನು ಪಕ್ಕಕ್ಕೆ ಕರೆದು, “ಕೇಳಿದಷ್ಟು ಕೊಟ್ಟರೂ ನಷ್ಟವಿಲ್ಲ ಸರ್. ಆದರೂ ಒಂದು ಮಾತು ಕೇಳಿ” ಎಂದರು. ನಾನು ಕೇಳಿದೆ. ಟೈರುಗಳು ಹಳೆಯವು, ಕ್ಲಚ್ಚು ಸವೆದಿದೆ, ಬಾಗಿಲಿಗೆ ಕೆಲಸವಾಗಿದೆ ಎಂದೆ. ಬಾಗಿಲಿನ ಮಾತು ಬಂದಾಗ ಅವರು ನನ್ನ ಕಡೆ ಒಮ್ಮೆ ನೋಡಿ, “ಆಯ್ತು, ಎರಡೂವರೆ ಕೊಡಿ” ಎಂದುಬಿಟ್ಟರು. ಅದನ್ನು ನನಗೆ ತೋರಿಸಿಕೊಟ್ಟವರೇ ಅವರು. ಅವರ ಪ್ರಾಮಾಣಿಕತೆಯನ್ನೇ ಅವರ ಬೆಲೆ ಇಳಿಸಲು ಬಳಸಿದೆನಲ್ಲ ಎಂಬ ಅಳುಕು ಇಂದಿಗೂ ಹೋಗಿಲ್ಲ. ಹೋಗಲಿ, ಹತ್ತು ಸಾವಿರ ಹೆಚ್ಚು ಕೊಡೋಣವೆಂದು ಎರಡು ಬಾರಿ ಮನಸ್ಸು ಮಾಡಿದೆ. ಎರಡು ಬಾರಿಯೂ ಟೈರಿನ ಬೆಲೆ ಲೆಕ್ಕ ಹಾಕಿ ಸುಮ್ಮನಾದೆ.

ಹೆಸರು ಬದಲಾವಣೆಯ ವಿಷಯದಲ್ಲಿ ಮಾತ್ರ ಅವರು ಪಟ್ಟುಹಿಡಿದರು. ಫಾರಂ 29 ಮತ್ತು 30ಕ್ಕೆ ಸಹಿ ಮಾಡಿಸಿ ಒಯ್ಯಿರೆಂದು ಬಿಡುವ ರೂಢಿಯೇ ಹೆಚ್ಚು. ಇವರು ಖುದ್ದಾಗಿ ಶಿವಮೊಗ್ಗದ ಸಾರಿಗೆ ಕಚೇರಿಗೆ ಬಂದರು. ಅವರು ಹೇಳಿದ್ದು ಸರಿಯಾಗಿತ್ತು. ಮಾರಿದವರು 14 ದಿನಗಳೊಳಗೆ, ಕೊಂಡವರು 30 ದಿನಗಳೊಳಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯಿದೆ ಹೇಳುತ್ತದೆ. ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಕಾರು ಯಾರ ಕೈಯಲ್ಲೇ ಇರಲಿ, ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ ಎಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ತೀರ್ಪಿತ್ತಿದೆ. ಎಪ್ಪತ್ತೈದು ದಾಟಿದ ಅವರು ಕಚೇರಿಯ ಬೆಂಚಿನಲ್ಲಿ ಕುಳಿತು, ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ, ಒಂದೊಂದೇ ಅಕ್ಷರವನ್ನು ನಿಧಾನವಾಗಿ ಬರೆದು ಸಹಿ ಮಾಡಿದರು.

ಕಾರನ್ನು ಮೊದಲು ಹತ್ತಿಸಿದ್ದು ನನ್ನ ತಾಯಿಯನ್ನು. ಸೀಟು ಎತ್ತರವಾದ್ದರಿಂದ ಮೊಣಕಾಲು ಮಡಿಸಿ ಕೆಳಗಿಳಿಯುವ ಕಷ್ಟವಿಲ್ಲ; ಬಾಗಿಲು ಹಿಡಿದು, ತಿರುಗಿ, ಕುಳಿತುಬಿಟ್ಟರು. ಮಳೆ ಹಿಡಿಯುವ ಮುನ್ನ ಇಬ್ಬರು ವಿದ್ಯಾರ್ಥಿಗಳೊಡನೆ ಹೊಂಬುಜಕ್ಕೆ ಹೋದಾಗಲೂ ಜೊತೆಗೆ ಬಂದರು. ಚಟ್ಟಲದೇವಿ 1077ರಲ್ಲಿ ಕಟ್ಟಿಸಿದ ಪಂಚಕೂಟ ಬಸದಿಯ ಎದುರಿನ ಮಾನಸ್ತಂಭದ ನೆರಳಿನಲ್ಲಿ ಅವರು ಕುಳಿತಿದ್ದಂತೆ ನಾವು ಸಂಜೆಯವರೆಗೆ ಶಾಸನ ಓದಿದೆವು. ಬಸ್ಸಿನ ವೇಳೆಯನ್ನು ಯಾರೂ ಕೇಳಲಿಲ್ಲ. ಟೈರು, ಬ್ಯಾಟರಿ, ವಿಮೆ ಎಲ್ಲ ಸೇರಿ ತೆಗೆದಿಟ್ಟ ನಲವತ್ತರಲ್ಲಿ ಮೂವತ್ತೇಳು ಸಾವಿರ ಖರ್ಚಾಯಿತು.

ಆ ಪುಸ್ತಕವನ್ನು ಹಿರಿಯರು ಕಾರಿನೊಡನೆಯೇ ಕೊಟ್ಟರು, “ಮುಂದುವರಿಸಿ” ಎಂದು. 61,402ರಿಂದ ನನ್ನ ಕೈಬರೆಹ. ಈಗ ಅವರು ಬೆಂಗಳೂರಿನಲ್ಲಿ ಮಗನ ಮನೆಯಲ್ಲಿದ್ದಾರೆ. ತಿಂಗಳ ಮೊದಲ ವಾರ ಫೋನು ಬರುತ್ತದೆ. ಕುಶಲ ವಿಚಾರಿಸಿದ ಮೇಲೆ ಪುಸ್ತಕ ತೆಗೆಯಲು ಹೇಳುತ್ತಾರೆ, ನಾನು ಓದುತ್ತೇನೆ. ಕಳೆದ ಸಲ ಲೀಟರಿಗೆ ಹದಿನೇಳು ಬಂತೆಂದು ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹದಿನೇಳೇ? ನನ್ನ ಕೈಯಲ್ಲಿ ಹತ್ತೊಂಬತ್ತಕ್ಕಿಂತ ಕೆಳಗೆ ಇಳಿದದ್ದಿಲ್ಲ. ಟೈರಿಗೆ ಗಾಳಿ ನೋಡಿಸಿ ಮೇಷ್ಟ್ರೇ” ಎಂದರು. ನೋಡಿಸಿದೆ. ಹಿಂದಿನ ಎಡಗಡೆಯದರಲ್ಲಿ ಕಡಿಮೆಯಿತ್ತು.